ಡ್ರೆಸ್ಡೆನ್‌ನಲ್ಲಿ ಮೊದಲ ವರ್ಷ: ಸ್ಟುಡೆಂಟೆನ್‌ವೆರ್ಕ್ ಹಾಸ್ಟೆಲ್ ಹೇಗಿದೆ?

ಜರ್ಮನಿಯ ಡ್ರೆಸ್ಡೆನ್‌ಗೆ ಓದಲು ಹೊರಟವರು ಮೊದಲ ವರ್ಷ ಸ್ಟುಡೆಂಟೆನ್‌ವೆರ್ಕ್ ಅನ್ನೋ ವಿದ್ಯಾರ್ಥಿ ಸೇವಾ ಸಂಸ್ಥೆಯವರ ಹಾಸ್ಟೆಲ್‌ನಲ್ಲೇ ಇರಿ. ರೂಮು ಚಿಕ್ಕದು. ಅಡುಗೆಮನೆ ಹಂಚಿಕೊಳ್ಳಬೇಕು. ಕಟ್ಟಡ ಹೊರಗಿನಿಂದ ನೋಡಿದರೆ ಮನಸ್ಸಿಗೆ ಹಿಡಿಸುವಂಥದ್ದಲ್ಲ. ಆದರೂ ಅಲ್ಲೇ ಇರಿ. ಯಾಕೆ ಅಂತ ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈಗ ಸೆಮಿಸ್ಟರ್ ರಜೆ, ಊರಿಗೆ ಬಂದಿದ್ದೇನೆ. ಪೊನ್ನಂಪೇಟೆ ಹತ್ತಿರ ನಮ್ಮ ಮನೆ. ಕಕ್ಕಡ ತಿಂಗಳ ಹದಿನೆಂಟರ ಮದ್ದು ಸೊಪ್ಪಿನ ಪಾಯಸಕ್ಕೆ ಸರಿಯಾಗಿ ತಲುಪಿದೆ, ಅದೊಂದು ಖುಷಿ. ಗೋಣಿಕೊಪ್ಪದಲ್ಲಿ ಸಂತೆಗೆ ಹೋದರೂ ಸರಿ, ಬಸ್ ಸ್ಟ್ಯಾಂಡ್‌ನಲ್ಲಿ ಮಳೆ ನಿಲ್ಲಲಿ ಅಂತ ನಿಂತರೂ ಸರಿ, ಯಾರಾದರೂ ಒಬ್ಬರು ಹತ್ತಿರ ಬಂದು "ನಮ್ಮ ಮಗಳೂ ಜರ್ಮನಿಗೆ ಹೋಗಬೇಕು ಅಂತಿದ್ದಾಳೆ, ಅಲ್ಲಿ ಇರೋದಕ್ಕೆ ಹೇಗೆ?" ಅಂತ ಕೇಳುತ್ತಾರೆ. ಸೀಟು, ವೀಸಾ ಬಗ್ಗೆ ಹೇಳುವ ಏಜೆಂಟರು ಬೇಕಾದಷ್ಟು ಜನ ಇದ್ದಾರೆ. ವಿಮಾನ ಇಳಿದ ಮೇಲಿನ ಮೊದಲ ವಾರಗಳ ಬಗ್ಗೆ ಹೇಳುವವರು ಕಡಿಮೆ. ಕಷ್ಟ ಆಗುವುದೇ ಆಗ.

ನಾನು ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ಅರಣ್ಯಶಾಸ್ತ್ರದ ಎಂಎಸ್ಸಿಗೆ ಸೇರಿದೆ. ಪಾಠ ಇಂಗ್ಲಿಷ್‌ನಲ್ಲೇ. ತರಗತಿ ನಡೆಯುವುದು ನಗರದ ಪಕ್ಕದ ಥಾರಾಂಟ್ ಅನ್ನೋ ಪುಟ್ಟ ಊರಲ್ಲಿ. 1811ರಲ್ಲಿ ಹೈನ್‌ರಿಶ್ ಕೊಟ್ಟಾ ಎಂಬವರು ಅಲ್ಲಿಗೆ ಬಂದು ಅರಣ್ಯ ಶಾಲೆ ಶುರು ಮಾಡಿದರು, ಹಾಗಾಗಿ ಅರಣ್ಯಶಾಸ್ತ್ರ ಓದಿದ ಯಾರಿಗಾದರೂ ಆ ಊರಿನ ಹೆಸರು ಗೊತ್ತಿರುತ್ತದೆ. ಫ್ರೈಬುರ್ಗ್ ಕೂಡ ನೋಡಿದ್ದೆ. ಅದೂ ಒಳ್ಳೆ ಜಾಗವೇ. ಆದರೆ ಆ ರಾಜ್ಯದಲ್ಲಿ, ಅಂದರೆ ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ, 2017ರಿಂದ ನಮ್ಮಂಥ ಹೊರ ದೇಶದವರಿಗೆ ಸೆಮಿಸ್ಟರ್‌ಗೆ 1500 ಯೂರೋ ಫೀಸು ಇದೆ. ಕಾಫಿ ರೇಟು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅಂತ ಗೊತ್ತಿಲ್ಲದ ಮನೆಯಿಂದ ಹೋಗುವವರು ಇದನ್ನೆಲ್ಲ ಲೆಕ್ಕ ಹಾಕಲೇಬೇಕು.

ಮೊದಲು ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ನಮ್ಮಲ್ಲಿ ಕಾಲೇಜಿಗೆ ಸೇರಿದರೆ ಹಾಸ್ಟೆಲೂ ಕಾಲೇಜಿನದ್ದೇ. ವಾರ್ಡನ್, ಮೆಸ್ಸು, ಎಲ್ಲ ಒಂದೇ ಕ್ಯಾಂಪಸ್‌ನಲ್ಲಿ. ಜರ್ಮನಿಯಲ್ಲಿ ಹಾಗಲ್ಲ. ವಿಶ್ವವಿದ್ಯಾಲಯ ಪಾಠ ಮಾಡುತ್ತದೆ ಅಷ್ಟೇ. ಇರುವ ಜಾಗ, ಊಟ, ಸಲಹೆ ಇದನ್ನೆಲ್ಲ ನೋಡಿಕೊಳ್ಳುವುದು ಬೇರೆ ಸಂಸ್ಥೆ, ಅದೇ ಸ್ಟುಡೆಂಟೆನ್‌ವೆರ್ಕ್. ಇಂಥ ಸಂಸ್ಥೆಗಳು ದೇಶದಲ್ಲಿ 57 ಇವೆ, ಡ್ರೆಸ್ಡೆನ್‌ನದ್ದು ಅದರಲ್ಲಿ ಒಂದು. ಲಾಭಕ್ಕೆ ನಡೆಸುವುದಲ್ಲ. ಸೀಟು ಸಿಕ್ಕಿತು ಅಂದ ಮಾತ್ರಕ್ಕೆ ರೂಮು ಸಿಗುವುದಿಲ್ಲ, ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು. ಎಷ್ಟೋ ತಂದೆ ತಾಯಿಗೆ ಇದು ಗೊತ್ತೇ ಇರುವುದಿಲ್ಲ. ಅಡ್ಮಿಶನ್ ಪತ್ರ ಬಂದ ದಿನವೇ ಆನ್‌ಲೈನ್‌ನಲ್ಲಿ ಹಾಸ್ಟೆಲ್ ಅರ್ಜಿ ಹಾಕಿಬಿಡಿ. ವೀಸಾ ಕೈಗೆ ಬರಲಿ, ಆಮೇಲೆ ನೋಡೋಣ ಅಂತ ಕೂತರೆ ಅಕ್ಟೋಬರ್ ರೂಮುಗಳು ಬೇರೆಯವರ ಪಾಲಾಗುತ್ತವೆ. ಯಾವ ಕಟ್ಟಡ, ಯಾವ ಮಹಡಿ ಅಂತ ಜಾಸ್ತಿ ಆರಿಸಲು ಹೋಗಬೇಡಿ, ಸಿಕ್ಕಿದ್ದನ್ನು ಹಿಡಿಯಿರಿ. ಒಳಗೆ ಹೋದ ಮೇಲೆ ಬದಲಾಯಿಸಲು ಕೇಳಬಹುದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ದೇಶದಲ್ಲಿ ಮೊದಲ ವಾರಗಳು ಸಲೀಸಾಗಿ ಹೋಗುತ್ತವೋ, ಕಣ್ಣೀರಲ್ಲಿ ಹೋಗುತ್ತವೋ ಅನ್ನೋದು ಒಂದು ಕಾಗದದ ಮೇಲೆ ನಿಂತಿದೆ. "ಈ ವ್ಯಕ್ತಿ ಇಂಥ ದಿನದಿಂದ ನನ್ನ ಮನೆಯಲ್ಲಿ ವಾಸ ಇದ್ದಾರೆ" ಅಂತ ಮನೆ ಕೊಟ್ಟವರು ಸಹಿ ಹಾಕಿಕೊಡುವ ಒಂದು ಪುಟದ ಪತ್ರ. ಮನೆ ಸೇರಿದ ಎರಡು ವಾರದೊಳಗೆ ಇದನ್ನು ಹಿಡಿದುಕೊಂಡು ನಗರದ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕು, ಅದು ಕಾನೂನು. ನೋಂದಣಿ ಆದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬಹಳಷ್ಟು ಬ್ಯಾಂಕುಗಳು ಖಾತೆ ತೆರೆಯಲು ನೋಂದಣಿ ಪತ್ರ ಕೇಳುತ್ತವೆ. ಖಾತೆ ಇದ್ದರೆ ತಾನೇ ನೀವು ವೀಸಾಕ್ಕೆ ಅಂತ ಒಂದು ವರ್ಷದ ಖರ್ಚನ್ನು ಊರಿಂದಲೇ ಕಟ್ಟಿಟ್ಟ ಬ್ಲಾಕ್ಡ್ ಅಕೌಂಟ್‌ನ ಹಣ ತಿಂಗಳು ತಿಂಗಳು ಕೈಗೆ ಬರುವುದು? ವೀಸಾ ಅವಧಿ ಮುಗಿಯುವ ಮೊದಲು ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಅಲ್ಲೂ ಇದೇ ಪತ್ರ. ಮೇಲಿನ ಗದ್ದೆಯ ಬದು ಕಡಿದರೆ ಮಾತ್ರ ಕೆಳಗಿನ ಗದ್ದೆಗೆ ನೀರು ಇಳಿಯುವ ಹಾಗೆ, ಮೊದಲ ಪತ್ರ ಸಿಗದೆ ಮುಂದಿನ ಯಾವುದೂ ನಡೆಯುವುದಿಲ್ಲ.

ಹಾಸ್ಟೆಲ್‌ನಲ್ಲಿ ಆ ಪತ್ರ ಬೀಗದ ಕೈ ಜೊತೆಗೇ ಕೈಗೆ ಬಂತು. ನಾನು ಕೇಳಲೂ ಇಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ನನಗೆ ಅರ್ಥ ಆದದ್ದು ಸೋಮವಾರಪೇಟೆ ಕಡೆಯ ನನ್ನ ಗೆಳತಿಯ ಕಥೆ ಕೇಳಿದ ಮೇಲೆ. ಅವಳು ಜರ್ಮನಿಯ ಇನ್ನೊಂದು ನಗರಕ್ಕೆ ಹೋದಳು. ಹಾಸ್ಟೆಲ್ ಸಿಗಲಿಲ್ಲ ಅಂತ ಆನ್‌ಲೈನ್‌ನಲ್ಲಿ ಯಾರೋ ಕೊಟ್ಟ ರೂಮು ಹಿಡಿದಳು. ಫೋಟೋದಲ್ಲಿ ರೂಮು ಬಹಳ ಚೆನ್ನಾಗಿತ್ತು, ಹೋದ ಮೇಲೂ ಚೆನ್ನಾಗೇ ಇತ್ತು. ಆದರೆ ರೂಮು ಕೊಟ್ಟವನು ಪತ್ರ ಕೊಡಲ್ಲ ಅಂದ. ಅವನೇ ಬಾಡಿಗೆಗೆ ಇದ್ದವನು, ಇವಳಿಗೆ ಒಳಬಾಡಿಗೆಗೆ ಕೊಟ್ಟಿದ್ದ, ಅದು ನಿಜವಾದ ಮಾಲೀಕನಿಗೆ ಗೊತ್ತಿರಲಿಲ್ಲ. ನೋಂದಣಿ ಆಗಲಿಲ್ಲ, ಬ್ಯಾಂಕ್ ಖಾತೆ ಆಗಲಿಲ್ಲ, ಅಪ್ಪ ಕಾಫಿ ಮಾರಿ ಕಟ್ಟಿದ ಹಣ ಕಣ್ಣೆದುರಿಗಿದ್ದರೂ ಕೈಗೆ ಸಿಗಲಿಲ್ಲ. ಊರಿಂದ ತಂದ ನಗದು ಖರ್ಚು ಮಾಡುತ್ತಾ, ರಾತ್ರಿ ಫೋನ್ ಮಾಡಿ ಅಳುತ್ತಾ, ಮನೆಯವರಿಗೆ ಮಾತ್ರ "ಎಲ್ಲ ಸರಿ ಇದೆ" ಅನ್ನುತ್ತಾ ಆ ತಿಂಗಳು ಕಳೆದಳು. ಅವಳದ್ದು ತಪ್ಪೇನೂ ಇಲ್ಲ. ಹೊಸಬರಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ? ಅದಕ್ಕೇ ಹೇಳುತ್ತಿದ್ದೇನೆ: ಹಾಸ್ಟೆಲ್ ಸಿಗದೆ ಖಾಸಗಿ ರೂಮು ಹಿಡಿಯಲೇಬೇಕಾದರೆ ಬಾಡಿಗೆ ಎಷ್ಟು ಅಂತ ಕೇಳುವ ಮೊದಲು "ನೋಂದಣಿ ಪತ್ರ ಕೊಡುತ್ತೀರಾ" ಅಂತ ಕೇಳಿ, ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ರೂಮು ನೋಡುವ ಮೊದಲೇ ಡಿಪಾಸಿಟ್ ಕಳಿಸಿ ಅನ್ನುವವರಿಗೆ ಒಂದು ಯೂರೋ ಕೂಡ ಕಳಿಸಬೇಡಿ. ಮೋಸ ಮಾಡುವವರು ಬಹಳ ಜನ ಇದ್ದಾರೆ.

ಬೀಗದ ಕೈ ಪಡೆಯುವ ದಿನದ ಬಗ್ಗೆ ಸ್ವಲ್ಪ ಹೇಳುತ್ತೇನೆ. ವಾರದ ದಿನ, ಕಚೇರಿ ಸಮಯದಲ್ಲಿ ತಲುಪುವ ಹಾಗೆ ವಿಮಾನ ಟಿಕೆಟ್ ಮಾಡಿ. ಶನಿವಾರ ಸಂಜೆ ಇಳಿದರೆ ಸೋಮವಾರದವರೆಗೆ ಹೋಟೆಲೇ ಗತಿ. ಅಕ್ಟೋಬರ್ 1ಕ್ಕೆ ಸೆಮಿಸ್ಟರ್ ಶುರು, ಅಕ್ಟೋಬರ್ 3 ರಾಷ್ಟ್ರೀಯ ರಜೆ, ಅದನ್ನೂ ನೋಡಿಕೊಳ್ಳಿ. ನನಗೆ ಬೀಗದ ಕೈ ಕೊಟ್ಟದ್ದು ಕಟ್ಟಡದ ಉಸ್ತುವಾರಿ ನೋಡುವ ಹಿರಿಯರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಜರ್ಮನ್ ಅಷ್ಟಕ್ಕಷ್ಟೆ. ಆದರೂ ಒಂದು ಪಟ್ಟಿ ಹಿಡಿದುಕೊಂಡು ರೂಮಿನ ಒಂದೊಂದು ವಸ್ತುವಿನ ಮುಂದೆ ನಿಂತರು. ಮೇಜಿನ ಮೇಲಿದ್ದ ಒಂದು ಸಣ್ಣ ಗೀರನ್ನು ಬೆರಳಿನಿಂದ ತೋರಿಸಿ, ಪಟ್ಟಿಯಲ್ಲಿ ಬರೆದು, ನನ್ನ ಫೋನ್ ಕಡೆ ಕೈ ಮಾಡಿ ಫೋಟೋ ತೆಗೆದುಕೋ ಅಂತ ಸನ್ನೆ ಮಾಡಿದರು. ಕಿಟಕಿ ತೆರೆದು ಮುಚ್ಚಿ ತೋರಿಸಿದರು. ಹೀಟರಿನ ತಿರುಗಣೆಯನ್ನು 3ಕ್ಕೆ ಇಟ್ಟು, "ಸಾಕು" ಅನ್ನೋ ಹಾಗೆ ತಲೆ ಆಡಿಸಿದರು. ಆ ಗೀರು ನನ್ನ ತಲೆಗೆ ಬರಬಾರದು, ರೂಮು ಬಿಡುವಾಗ ನನ್ನ ಡಿಪಾಸಿಟ್ ಹಣ ಕತ್ತರಿಸಬಾರದು ಅನ್ನೋದೇ ಅವರ ಕಾಳಜಿ. ಊರು ಬಿಟ್ಟು ಇಷ್ಟು ದೂರ ಬಂದ ಹುಡುಗಿಗೆ ಅವತ್ತು ಅದು ಎಷ್ಟು ಧೈರ್ಯ ಕೊಟ್ಟಿತು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಕೆಳಗೆ ಬಂದ ಮೇಲೆ ಅವರು ಮಾಡಿದ ಇನ್ನೊಂದು ಕೆಲಸ ಅಂದರೆ ಅಂಚೆ ಪೆಟ್ಟಿಗೆಗೆ ನನ್ನ ಹೆಸರು ಹಾಕಿಸಿದ್ದು. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಕೊಡಗಿನಲ್ಲಿ ಮನೆತನದ ಹೆಸರು, ಊರಿನ ಹೆಸರು ಬರೆದರೆ ಸಾಕು, ಪೋಸ್ಟ್‌ಮ್ಯಾನ್ ತೋಟದ ಒಳಗಿನ ಮನೆಗೂ ಕಾಗದ ತಲುಪಿಸುತ್ತಾರೆ. ಅಲ್ಲಿ ಪೆಟ್ಟಿಗೆ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಪತ್ರ ವಾಪಸ್. ಮೊದಲ ತಿಂಗಳು ಬರುವ ಎಲ್ಲ ಮುಖ್ಯ ಕಾಗದಗಳೂ ಅಂಚೆಯಲ್ಲೇ ಬರುತ್ತವೆ: ಬ್ಯಾಂಕಿನ ಪಿನ್, ಆರೋಗ್ಯ ವಿಮೆಯ ಕಾರ್ಡು, ತೆರಿಗೆ ಸಂಖ್ಯೆ. ನಮ್ಮ ಕಡೆಯವರ ಹೆಸರಿನಲ್ಲಿ ಮನೆತನದ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಇನಿಶಿಯಲ್ ಆಗಿರುವುದುಂಟು. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಪೆಟ್ಟಿಗೆ ಮೇಲೂ ಇರಲಿ.

ರೂಮು ಹೇಗಿದೆ? ಮಂಚ, ಹಾಸಿಗೆ, ಮೇಜು, ಕುರ್ಚಿ, ಕಪಾಟು, ಪುಸ್ತಕದ ಶೆಲ್ಫು. ಅಷ್ಟೇ. ದಿಂಬು ಇಲ್ಲ, ಹೊದಿಕೆ ಇಲ್ಲ, ಒಂದು ಚಮಚವೂ ಇಲ್ಲ. ಮೊದಲ ರಾತ್ರಿಗೆ ಒಂದು ಬೆಡ್‌ಶೀಟು, ಶಾಲು ಬ್ಯಾಗಿನಲ್ಲಿ ಇರಲೇಬೇಕು. ನಾನಿರುವುದು ವಿಶ್ವವಿದ್ಯಾಲಯದ ಹತ್ತಿರದ ಎತ್ತರದ ಕಟ್ಟಡಗಳಲ್ಲಿ ಒಂದರಲ್ಲಿ, ಒಂದು ಫ್ಲ್ಯಾಟ್‌ನಲ್ಲಿ ಮೂರು ಜನ, ಆದರೆ ಎಲ್ಲರಿಗೂ ಬಾಗಿಲು ಹಾಕಿಕೊಳ್ಳಲು ತಮ್ಮದೇ ರೂಮು ಇದೆ. ಬಾಡಿಗೆ 300 ಯೂರೋ ಒಳಗೆ. ಅದರಲ್ಲೇ ಹೀಟರು, ನೀರು, ಕರೆಂಟು ಸೇರಿದೆ. ನಲ್ಲಿ ನೀರು ನೇರ ಕುಡಿಯಬಹುದು. ಒಂದು ಅಭ್ಯಾಸ ಬೇಗ ಮಾಡಿಕೊಳ್ಳಿ: ಎಷ್ಟೇ ಚಳಿ ಇರಲಿ, ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆದು ಗಾಳಿ ಆಡಿಸಬೇಕು. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಅದರ ಖರ್ಚು ನಿಮ್ಮದೇ ಆಗಬಹುದು. ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಬಟ್ಟೆಗೆಲ್ಲ ಬೂಷ್ಟು ಹಿಡಿಯುವುದನ್ನು ನೋಡಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ ಅಲ್ವಾ.

ಇಂಟರ್ನೆಟ್ ವಿಷಯ ನನಗೆ ಬಹಳ ಇಷ್ಟವಾಯಿತು. ಹಾಸ್ಟೆಲ್‌ಗಳ ನೆಟ್‌ವರ್ಕನ್ನು ನಡೆಸುವುದೇ ವಿದ್ಯಾರ್ಥಿಗಳು. ಎಜಿ ಡಿಎಸ್‌ಎನ್ ಅಂತ ಅವರ ಸಂಘದ ಹೆಸರು. ತಿಂಗಳಿಗೆ 5 ಯೂರೋ ಕಟ್ಟಿ ಸದಸ್ಯರಾದರೆ ಮುಗಿಯಿತು. ಸಂಜೆ ಹೊತ್ತು ಅವರ ಕೋಣೆಗೆ ಹೋಗಿ ಕೇಳಿದರೆ ನಿಮ್ಮ ವಯಸ್ಸಿನವರೇ ಕೂತು ಸರಿ ಮಾಡಿಕೊಡುತ್ತಾರೆ, ಯಾರಿಗೂ ಸಂಬಳ ಇಲ್ಲ. ನಾಲ್ಕು ಹನಿ ಮಳೆ ಬಿದ್ದರೆ ಕರೆಂಟು, ನೆಟ್ವರ್ಕು ಎರಡೂ ಹೋಗುವ ಊರಿಂದ ಬಂದ ನನಗೆ ಮನೆಯವರ ಮುಖ ವಿಡಿಯೋದಲ್ಲಿ ಅಲುಗಾಡದೆ ಕಾಣುತ್ತಿದ್ದದ್ದೇ ದೊಡ್ಡ ಸಮಾಧಾನ. ಒಂದು ಲ್ಯಾನ್ ಕೇಬಲ್, ಒಂದು ಸಣ್ಣ ವೈಫೈ ರೌಟರ್ ಇದ್ದರೆ ಒಳ್ಳೆಯದು.

ಅಡುಗೆಮನೆ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಫ್ರಿಜ್‌ನಲ್ಲಿ ಒಬ್ಬರಿಗೆ ಒಂದು ತಟ್ಟೆ ಜಾಗ. ಸಿಂಕ್‌ನಲ್ಲಿ ಪಾತ್ರೆ ಬಿಟ್ಟು ಹೋಗುವವರು ಎಲ್ಲ ದೇಶದಲ್ಲೂ ಇದ್ದಾರೆ. ಆದರೆ ನನಗೆ ಗೆಳೆತನ ಆದದ್ದೂ ಅಲ್ಲೇ. ನನ್ನ ಜೊತೆ ಇರುವವರು ಒಬ್ಬಳು ವಿಯೆಟ್ನಾಂನವಳು, ಒಬ್ಬಳು ಕೊಲಂಬಿಯಾದವಳು. ಮೂರೂ ಕಾಫಿ ಬೆಳೆಯುವ ದೇಶ! ಕೊಲಂಬಿಯಾದವಳ ಅಜ್ಜನದ್ದೂ ಕಾಫಿ ತೋಟ. ಮರದ ನೆರಳು, ಕೊಯ್ಲಿಗೆ ಆಳು ಸಿಗದ ಕಷ್ಟ, ಕಾಯಿ ಕೊರಕ ಹುಳ, ಇದನ್ನೆಲ್ಲ ನಾವಿಬ್ಬರೂ ಅರ್ಧಂಬರ್ಧ ಇಂಗ್ಲಿಷ್‌ನಲ್ಲಿ ರಾತ್ರಿ ಎಷ್ಟೋ ಹೊತ್ತಿನವರೆಗೆ ಮಾತಾಡಿದ್ದೇವೆ. ನಾನು ತಂದ ಚಿಕೋರಿ ಬೆರೆಸಿದ ಪುಡಿ ಮೂಸಿ ನೋಡಿ ಅವಳು ಮುಖ ಸಿಂಡರಿಸಿದಳು, ಹಾಲು ಹಾಕಿ ಕೊಟ್ಟ ಮೇಲೆ ಎರಡನೇ ಲೋಟ ಕೇಳಿದಳು.

ಹಂದಿ ಮಾಂಸ ಅಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ, ಕೊಬ್ಬಿನ ಜೊತೆ ಇರುವ ಹೊಟ್ಟೆ ಭಾಗ ಕೇಳಿ ತೆಗೆದುಕೊಳ್ಳಿ, ಪಂದಿ ಕರಿಗೆ ಅದೇ ಸರಿ. ಅದಕ್ಕೆ ಹಾಕುವ ನಮ್ಮ ಕಡೆಯ ಕಪ್ಪು ಹುಳಿ ರಸ, ಕಾಚಂಪುಳಿ ಮಾತ್ರ ಊರಿಂದಲೇ ಹೋಗಬೇಕು. ಸಣ್ಣ ಬಾಟಲಿ ಸಾಕು, ಎರಡು ಕವರಿನಲ್ಲಿ ಬಿಗಿಯಾಗಿ ಸುತ್ತಿ ದೊಡ್ಡ ಬ್ಯಾಗಿನಲ್ಲಿ ಹಾಕಿ, ಕೈ ಬ್ಯಾಗಿನಲ್ಲಿ ಬಿಡುವುದಿಲ್ಲ. ಹುರಿದ ಮಸಾಲೆ ಪುಡಿ ಮನೆಯಲ್ಲೇ ಮಾಡಿಸಿಕೊಂಡು ಹೋಗಿ. ಅಲ್ಲಿ ಹುರಿಯಲು ಹೋದರೆ ಹೊಗೆ ಎದ್ದು ಅಲಾರಂ ಹೊಡೆದುಕೊಳ್ಳುವ ಭಯ. ಮೊದಲ ಸಲ ಮಾಡಿದ ದಿನ, ಮಾಂಸ ಬೆಂದು ಕೊನೆಗೆ ಕಾಚಂಪುಳಿ ಬಿದ್ದಾಗ ಕರಿ ಕಪ್ಪಗೆ ತಿರುಗಿ ಆ ಹುಳಿ ವಾಸನೆ ಎದ್ದಿತು ನೋಡಿ, ಇಬ್ಬರೂ ತಮ್ಮ ರೂಮಿನಿಂದ ಹೊರಗೆ ಬಂದರು. ಕಡಂಬುಟ್ಟು ಮಾಡಲು ಅಕ್ಕಿ ತರಿ ಏಷ್ಯನ್ ಅಂಗಡಿಯಲ್ಲಿ ಹುಡುಕಿದೆ, ಸರಿಯಾದದ್ದು ಸಿಗಲಿಲ್ಲ, ಅಕ್ಕಿಯನ್ನೇ ಮಿಕ್ಸಿಯಲ್ಲಿ ಒಡೆದೆ. ಚೆನ್ನಾಗೇ ಬಂತು. ಮಾಂಸದ ಉಪ್ಪಿನಕಾಯಿ, ಒಣ ಮಾಂಸ, ತುಪ್ಪ ಇವನ್ನು ಮಾತ್ರ ಊರಿಂದ ಒಯ್ಯಬೇಡಿ. ಹೊರ ದೇಶದಿಂದ ಮಾಂಸ, ಹಾಲಿನ ಪದಾರ್ಥ ಯುರೋಪಿಯನ್ ಒಕ್ಕೂಟದ ಒಳಗೆ ತರುವಂತಿಲ್ಲ. ಅಜ್ಜಿ ಪ್ರೀತಿಯಿಂದ ಕಟ್ಟಿಕೊಟ್ಟದ್ದು ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಹೋಗುವುದು ಬೇಡ. ಕಿತ್ತಳೆ ಕೂಡ ಬೇಡ, ಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ.

ಕಸದ ಬಗ್ಗೆ ಎರಡು ಮಾತು. ಕಾಗದ, ಪ್ಯಾಕೆಟ್, ಹಸಿ ಕಸ, ಉಳಿದದ್ದು, ಎಲ್ಲಕ್ಕೂ ಬೇರೆ ಬೇರೆ ಡಬ್ಬಿ. ಗಾಜಿನ ಬಾಟಲಿಯನ್ನು ಬಣ್ಣ ನೋಡಿ ಹಾಕಬೇಕು, ಅದೂ ಭಾನುವಾರ ಹಾಕುವಂತಿಲ್ಲ, ಸದ್ದು ಆಗುತ್ತದೆ ಅಂತ. ಪ್ಲಾಸ್ಟಿಕ್ ಬಾಟಲಿ ಮಾತ್ರ ಎಸೆಯಬೇಡಿ, ಹೆಚ್ಚಿನವಕ್ಕೆ 25 ಸೆಂಟ್ ಡಿಪಾಸಿಟ್ ಇರುತ್ತದೆ, ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ. ಭಾನುವಾರ ಅಂಗಡಿಗಳೆಲ್ಲ ಬಂದ್. ಶನಿವಾರವೇ ಅಕ್ಕಿ, ಹಾಲು ತಂದಿಡಿ. ತೀರಾ ಬೇಕಾದರೆ ದೊಡ್ಡ ರೈಲು ನಿಲ್ದಾಣದ ಒಳಗಿನ ಅಂಗಡಿ ತೆರೆದಿರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದು.

ಸ್ಟುಡೆಂಟೆನ್‌ವೆರ್ಕ್ ಮೆನ್ಸಾ ಅನ್ನೋ ಊಟದ ಹಾಲ್‌ಗಳನ್ನೂ ನಡೆಸುತ್ತದೆ. ಕಾರ್ಡ್‌ಗೆ ಹಣ ತುಂಬಿಸಿಕೊಂಡು ತೋರಿಸಿದರೆ ವಿದ್ಯಾರ್ಥಿ ದರದಲ್ಲಿ ಬಿಸಿ ಊಟ. ಸಸ್ಯಾಹಾರ ದಿನವೂ ಇರುತ್ತದೆ, ಯಾವುದರಲ್ಲಿ ಹಂದಿ ಇದೆ, ಯಾವುದರಲ್ಲಿ ದನದ ಮಾಂಸ ಇದೆ ಅಂತ ಗುರುತು ಹಾಕಿರುತ್ತಾರೆ, ಹಾಗಾಗಿ ತಿನ್ನದವರು ಹೆದರಬೇಕಾಗಿಲ್ಲ. ರುಚಿ? ಖಾರ ಇಲ್ಲ. ಆಲೂಗಡ್ಡೆ ಜಾಸ್ತಿ. ಮೊದಲ ವಾರ ಪಾತ್ರೆ ಪಗಡೆ ಏನೂ ಇಲ್ಲದಿದ್ದಾಗ ನನ್ನ ಹೊಟ್ಟೆ ತುಂಬಿಸಿದ್ದು ಅದೇ. ಪಾತ್ರೆಗಳನ್ನು ಆಮೇಲೆ ಶನಿವಾರದ ಎಲ್ಬೆ ನದಿ ದಂಡೆಯ ಹಳೇ ಸಾಮಾನಿನ ಸಂತೆಯಲ್ಲಿ ತೆಗೆದುಕೊಂಡೆ. ದಪ್ಪ ತಳದ ಪಾತ್ರೆ, ಟೇಬಲ್ ಲ್ಯಾಂಪು, ಎಲ್ಲ ಅಲ್ಲೇ. ಗೋಣಿಕೊಪ್ಪದ ಸಂತೆಯಲ್ಲಿ ಅಮ್ಮನ ಹಿಂದೆ ಓಡಾಡಿ ಕಲಿತ ಚೌಕಾಶಿ ಅಲ್ಲೂ ನಡೆಯುತ್ತದೆ.

ಓಡಾಟ ಸುಲಭ. ಸೆಮಿಸ್ಟರ್ ಶುಲ್ಕದಲ್ಲೇ ಟಿಕೆಟ್ ಸೇರಿಕೊಂಡಿದೆ, ಟ್ರಾಮು, ಬಸ್ಸು, ಲೋಕಲ್ ರೈಲು ಎಲ್ಲದರಲ್ಲೂ ಹೋಗಬಹುದು, ಅದೂ ಇಡೀ ದೇಶದಲ್ಲಿ. ವೇಗದ ಐಸಿಇ ರೈಲಿಗೆ ಮಾತ್ರ ನಡೆಯುವುದಿಲ್ಲ. ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದು. ಮೈಸೂರಿಗೆ ಹೋದರೇ ರೈಲು. ಈಗ ಬೆಳಿಗ್ಗೆ ಎದ್ದು ಎಸ್3 ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಥಾರಾಂಟ್‌ನಲ್ಲಿ ಇಳಿಯುತ್ತೇನೆ. ದಾರಿಯಲ್ಲಿ ವೈಸೆರಿಟ್ಸ್ ಅಂತ ಒಂದು ನದಿ ಕಾಣುತ್ತದೆ. ನೋಡಿದರೆ ನಮ್ಮ ಊರಿನ ತೋಡಿನಷ್ಟೇ ಇದೆ. 2002ರ ಆಗಸ್ಟ್‌ನಲ್ಲಿ ಇದೇ ನದಿ ಉಕ್ಕಿ ತನ್ನ ಹಳೇ ಪಾತ್ರಕ್ಕೆ ತಿರುಗಿ ಡ್ರೆಸ್ಡೆನ್‌ನ ಮುಖ್ಯ ರೈಲು ನಿಲ್ದಾಣದೊಳಗೆ ನುಗ್ಗಿತ್ತು. ತರಗತಿಯಲ್ಲಿ ಆ ಮಾತು ಬಂದಾಗ ನಾನು 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದದ್ದನ್ನು ಹೇಳಿದೆ. ಮಡಿಕೇರಿಯಲ್ಲಿ ಒಂದು ಜುಲೈ ತಿಂಗಳು ಬೀಳುವ ಮಳೆ ಡ್ರೆಸ್ಡೆನ್‌ನಲ್ಲಿ ಇಡೀ ವರ್ಷಕ್ಕೂ ಬೀಳುವುದಿಲ್ಲ ಅಂದಾಗ ಯಾರೂ ನಂಬಲಿಲ್ಲ, ಮೇಷ್ಟ್ರೇ ಅಂಕಿ ಅಂಶ ತೆಗೆದು ತೋರಿಸಿದರು.

ಒಂಟಿತನದ ಬಗ್ಗೆ ಹೇಳದೆ ಮುಗಿಸಿದರೆ ಸರಿಯಾಗುವುದಿಲ್ಲ. ತರಗತಿ ಶುರು ಆಗುವ ಹೊತ್ತಿಗೇ ಇಲ್ಲಿ ತುಲಾ ಸಂಕ್ರಮಣ. ಮನೆಯವರು ತಲಕಾವೇರಿಗೆ ಹೋಗಿ ತೀರ್ಥೋದ್ಭವದ ವಿಡಿಯೋ ಕಳಿಸುತ್ತಾರೆ, ನೀವು ಬಸ್ ಸ್ಟಾಪ್‌ನಲ್ಲಿ ನಿಂತು ನೋಡುತ್ತೀರಿ. ಪುತ್ತರಿ ಹಬ್ಬದ ಹೊತ್ತಿಗೆ ಅಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಆ ಕತ್ತಲೆ ಚಳಿಗಿಂತ ಕಷ್ಟ. ಖಾಸಗಿ ರೂಮಿನಲ್ಲಿ ಒಬ್ಬರೇ ಇದ್ದಿದ್ದರೆ ಹೇಗಿರುತ್ತಿತ್ತೋ ಅಂತ ಈಗಲೂ ಅನ್ನಿಸುತ್ತದೆ. ಹಾಸ್ಟೆಲ್‌ನಲ್ಲಿ ಹೊರ ದೇಶದಿಂದ ಬಂದವರಿಗೆ ಸಹಾಯ ಮಾಡಲು ಹಿರಿಯ ವಿದ್ಯಾರ್ಥಿಗಳನ್ನು ನೇಮಿಸಿರುತ್ತಾರೆ. ನಗರದ ಕಚೇರಿಗೆ ನೋಂದಣಿಗೆ ಹೋಗುವಾಗ ಅಂಥ ಒಬ್ಬಳು ನನ್ನ ಜೊತೆ ಬಂದಳು, ಅರ್ಜಿಯ ಒಂದೊಂದು ಸಾಲು ಓದಿ ಹೇಳಿದಳು. ಮನಸ್ಸು ತೀರಾ ಕುಗ್ಗಿದರೆ ಮಾತಾಡಲು ಸ್ಟುಡೆಂಟೆನ್‌ವೆರ್ಕ್‌ನಲ್ಲೇ ಆಪ್ತ ಸಲಹೆಗಾರರಿದ್ದಾರೆ, ದುಡ್ಡು ಕೊಡಬೇಕಾಗಿಲ್ಲ, ಯಾರಿಗೂ ಹೇಳುವುದಿಲ್ಲ. ಕೊಡಗಿನ ಹುಡುಗರು ಇದನ್ನೆಲ್ಲ ಬಾಯಿ ಬಿಟ್ಟು ಹೇಳುವುದೇ ಕಡಿಮೆ. ದಯವಿಟ್ಟು ಹೋಗಿ ಮಾತಾಡಿ. ಕನ್ನಡದವರೂ ಸಿಗುತ್ತಾರೆ. ಡ್ರೆಸ್ಡೆನ್‌ನಲ್ಲಿ ಚಿಪ್ ಕಾರ್ಖಾನೆಗಳು ಇರುವುದರಿಂದ ಬೆಂಗಳೂರಿನ ಇಂಜಿನಿಯರುಗಳೂ ಬಂದು ನೆಲೆಸಿದ್ದಾರೆ. ಟ್ರಾಮಿನಲ್ಲಿ ಹಿಂದಿನ ಸೀಟಿನಿಂದ "ಸುಮ್ನೆ ಕೂತ್ಕೋ ಮಗಾ" ಅಂತ ಕೇಳಿದಾಗ ಆಗುವ ಸಂತೋಷ ಹೇಳತೀರದು.

"ಹೆಣ್ಣುಮಗಳು ಒಬ್ಬಳೇ, ಭಯ ಇಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ವಲಸಿಗರ ವಿರುದ್ಧದ ಪೆಗಿಡಾ ಮೆರವಣಿಗೆ 2014ರಲ್ಲಿ ಶುರುವಾದದ್ದು ಇದೇ ಊರಲ್ಲಿ, ಅದನ್ನು ಮುಚ್ಚಿಡುವುದಿಲ್ಲ. ಕುಡಿದವರು ಟ್ರಾಮಿನಲ್ಲಿ ಏನೋ ಕೂಗಿದ್ದನ್ನು ಕೇಳಿದ್ದೇನೆ, ಮುಂದಿನ ಸ್ಟಾಪ್‌ನಲ್ಲಿ ಇಳಿದು ಬೇರೆ ಟ್ರಾಮ್ ಹತ್ತಿದೆ. ಆದರೆ ಹಾಸ್ಟೆಲ್ ಇರುವ ಕಡೆ ರಾತ್ರಿ ಲೈಬ್ರರಿಯಿಂದ ನಡೆದುಕೊಂಡು ಬರುವಾಗ ನನಗೆ ಭಯ ಅನ್ನಿಸಿಲ್ಲ. ಸುತ್ತ ವಿದ್ಯಾರ್ಥಿಗಳೇ ಇರುತ್ತಾರೆ. ಇದೂ ಹಾಸ್ಟೆಲ್ ಪರವಾಗಿ ಹೇಳಬೇಕಾದ ಮಾತೇ.

ದುಡ್ಡಿನ ಲೆಕ್ಕ ಬೇಕಾದವರಿಗೆ: 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು, ಅಂದರೆ ತಿಂಗಳಿಗೆ 992. ಹೊರಡುವ ಮೊದಲು ಈಗಿನ ಮೊತ್ತ ಒಮ್ಮೆ ನೋಡಿಕೊಳ್ಳಿ. ಬಾಡಿಗೆ 300 ಒಳಗೆ ಆದರೆ, ಆರೋಗ್ಯ ವಿಮೆ 140ರ ಆಸುಪಾಸು, ರೇಡಿಯೋ ಶುಲ್ಕ ಅಂತ ತಿಂಗಳಿಗೆ 18.36. ಆ ಶುಲ್ಕ ಫ್ಲ್ಯಾಟ್‌ಗೆ ಒಂದೇ, ಹಾಗಾಗಿ ನಾವು ಮೂವರೂ ಹಂಚಿಕೊಳ್ಳುತ್ತೇವೆ. ಪತ್ರ ಬಂದಾಗ ಸುಮ್ನೆ ಬಿಸಾಡಬೇಡಿ, ಕಟ್ಟದಿದ್ದರೆ ದಂಡ ಬೆಳೆಯುತ್ತದೆ. ಮನೆಯಲ್ಲೇ ಅಡುಗೆ ಮಾಡಿದರೆ ಉಳಿದ ಹಣದಲ್ಲಿ ಆರಾಮಾಗಿ ತಿಂಗಳು ಹೋಗುತ್ತದೆ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿ ಇದೆ. ಮೊದಲ ಸೆಮಿಸ್ಟರ್‌ನಲ್ಲೇ ಕೆಲಸ ಹುಡುಕಿ ಫೀಸು ಕಟ್ಟುತ್ತೇನೆ ಅಂತ ಲೆಕ್ಕ ಹಾಕಿಕೊಂಡು ಹೋಗಬೇಡಿ. ಜರ್ಮನ್ ಸ್ವಲ್ಪವಾದರೂ ಬರದೆ ಕೆಲಸ ಸಿಗುವುದು ಕಷ್ಟ.

ಸಾಮಾನು ವಿಷಯದಲ್ಲಿ ಒಂದು ಮಾತು. ದಪ್ಪ ಚಳಿ ಕೋಟನ್ನು ಬೆಂಗಳೂರಿನಲ್ಲಿ ದುಬಾರಿ ಬೆಲೆಗೆ ಕೊಳ್ಳಬೇಡಿ. ಮಡಿಕೇರಿ ಚಳಿಯ ಅಳತೆಯಲ್ಲಿ ಮಾಡಿದ ಜರ್ಕಿನ್ ಡಿಸೆಂಬರ್‌ಗೆ ಸಾಕಾಗುವುದಿಲ್ಲ, ಅಲ್ಲೇ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಳ್ಳೆಯದು ಸಿಗುತ್ತದೆ. ಮಳೆ ಕೋಟು ಮಾತ್ರ ಊರಿನದ್ದೇ ಒಯ್ಯಿರಿ.

ಯಾರಿಗೆ ಈ ಹಾಸ್ಟೆಲ್ ಸರಿಹೋಗುವುದಿಲ್ಲ? ಅಡುಗೆಮನೆ ಹಂಚಿಕೊಳ್ಳಲು ಆಗುವುದೇ ಇಲ್ಲ ಅನ್ನುವವರಿಗೆ, ಶುದ್ಧ ಸಸ್ಯಾಹಾರದ ಪಾತ್ರೆ ಬೇರೆಯೇ ಇರಬೇಕು ಅನ್ನುವವರಿಗೆ ಕಷ್ಟ. ಅವರು ಒಬ್ಬರೇ ಇರುವ ಸಣ್ಣ ಅಪಾರ್ಟ್‌ಮೆಂಟ್ ಮಾದರಿಯ ರೂಮು ಕೇಳಬೇಕು, ಅದು ಇದೆ, ಬಾಡಿಗೆ ಜಾಸ್ತಿ, ಕಾಯುವ ಪಟ್ಟಿಯೂ ಉದ್ದ. ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಹೋದದ್ದು ಫ್ರಿಜ್‌ಗೆ. ಎರಡನೇ ವರ್ಷಕ್ಕೂ ಅಲ್ಲೇ ಇರಲು ಕರಾರು ಮುಂದುವರಿಸಿದ್ದೇನೆ. ಈ ಅಕ್ಟೋಬರ್‌ಗೆ ಹೊರಡುವವರು ಇನ್ನೂ ಅರ್ಜಿ ಹಾಕಿಲ್ಲ ಅಂದರೆ ಇವತ್ತೇ ಹಾಕಿ, ಯಾರೋ ಕೊನೆ ಗಳಿಗೆಯಲ್ಲಿ ಬಿಟ್ಟ ರೂಮುಗಳು ಸೆಪ್ಟೆಂಬರ್‌ನಲ್ಲೂ ಸಿಗುವುದುಂಟು.